ತಪ್ಪು ಎಲೆಕೋಸಿನದಲ್ಲ, ಚರಂಡಿಯದು

ಧಾರವಾಡದ ಸಪ್ತಾಪುರದ ಖಾನಾವಳಿಗಳಲ್ಲಿ ಮಧ್ಯಾಹ್ನದ ತಾಟು ಬಂತೆಂದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿಯ ಪಕ್ಕದಲ್ಲಿ ಒಂದು ಹಿಡಿ ಹಸಿ ಮೆಂತೆ ತಪ್ಪಲ, ಸವತೆಕಾಯಿ, ಉಳ್ಳಾಗಡ್ಡಿ ಇರಲೇಬೇಕು. ಕೆಎಎಸ್, ಪಿಎಸ್‌ಐ ಪರೀಕ್ಷೆಗೆಂದು ಬಂದು ಇಲ್ಲಿ ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರ ಊಟ ಇದು. ಕ್ಯಾಬೇಜ್ ತಿಂದರೆ ಮಿದುಳಿಗೆ ಹುಳು ಹೋಗುತ್ತದೆ ಎಂಬ ಮಾತು ಇವರ ನಡುವೆಯೂ ಓಡಾಡುತ್ತದೆ. ಹಾಗಂತ ಕ್ಯಾಬೇಜ್ ಬಿಟ್ಟವರು ಮೆಂತೆ ತೊಳೆದಿದ್ದಾರೋ ಇಲ್ಲವೋ ಎಂದು ಕೇಳುವುದಿಲ್ಲ.

ಹುಳುವಿನ ಮಾತು ಸುಳ್ಳಲ್ಲ. ವೈದ್ಯರು ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುವ ಈ ಕಾಯಿಲೆಗೆ ಕಾರಣ ಟೀನಿಯಾ ಸೋಲಿಯಂ ಎಂಬ ಲಾಡಿಹುಳು. ಸರಿಯಾಗಿ ಬೇಯದ, ಸೋಂಕಿದ ಹಂದಿಮಾಂಸ ತಿಂದವರ ಕರುಳಿನಲ್ಲಿ ಅದು ಬೆಳೆಯುತ್ತದೆ. ಅವರ ಮಲದ ಜೊತೆ ಹೊರಬೀಳುವ, ಕಣ್ಣಿಗೆ ಕಾಣದ ಮೊಟ್ಟೆಗಳು ತೊಳೆಯದ ಕೈ, ನೀರು, ತರಕಾರಿಯ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ ಮರಿಗಳು ಕರುಳಿನ ಗೋಡೆ ತೂರಿ, ರಕ್ತದಲ್ಲಿ ಸಾಗಿ ಮಿದುಳು ಮುಟ್ಟುತ್ತವೆ. ಹುಟ್ಟಾ ಶಾಕಾಹಾರಿಗಳಿಗೂ ಈ ರೋಗ ಬರುವುದು ಹೀಗೆ. ಹಂದಿಮಾಂಸವನ್ನು ಮುಟ್ಟದ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳಲ್ಲಿ ನಾಲ್ವರಿಗೆ ಇದು ಬಂದದ್ದು 1992ರಲ್ಲಿ ವರದಿಯಾಯಿತು. ಹುಡುಕುತ್ತ ಹೋದಾಗ ಮನೆಗೆಲಸದವರೊಬ್ಬರಲ್ಲಿ ಲಾಡಿಹುಳು ಪತ್ತೆಯಾಯಿತು.

ಮಿದುಳಿನೊಳಗೆ ನಡೆಯುವುದು ಇನ್ನೂ ವಿಚಿತ್ರ. ಮರಿಹುಳು ನೀರು ತುಂಬಿದ ಸಣ್ಣ ಚೀಲ ಕಟ್ಟಿಕೊಂಡು ಕೂರುತ್ತದೆ. ದೇಹದ ರಕ್ಷಣಾ ಪಡೆ ತನ್ನನ್ನು ಗುರುತಿಸದಂತೆ ನೋಡಿಕೊಂಡು ವರ್ಷಗಟ್ಟಲೆ ಬದುಕಬಲ್ಲದು. ಆ ಮನುಷ್ಯನಿಗೆ ಒಂದು ತಲೆನೋವೂ ಬಾರದಿರಬಹುದು. ಹುಳು ಸಾಯತೊಡಗಿದಾಗ ಶುರುವಾಗುತ್ತದೆ ಕಷ್ಟ. ಚೀಲ ಹಾಳಾಗಿ ಒಳಗಿನದು ಸೋರುತ್ತದೆ, ರಕ್ಷಣಾ ಕೋಶಗಳು ಮುತ್ತುತ್ತವೆ, ಸುತ್ತಲ ಮಿದುಳು ಬಾತುಕೊಳ್ಳುತ್ತದೆ. ಹುಳುವನ್ನು ಕೊಲ್ಲಲು ಹೊರಟ ಉರಿಯೂತಕ್ಕೆ ಅಕ್ಕಪಕ್ಕದ ನರಕೋಶಗಳೂ ಬಲಿಯಾಗುತ್ತವೆ. ಚರ್ಮದ ಗಾಯದ ಹಾಗೆ ಇದು ತುಂಬಿ ಬರುವುದಿಲ್ಲ. ಸತ್ತ ನರಕೋಶದ ಜಾಗದಲ್ಲಿ ಕಲೆ, ಸತ್ತ ಹುಳುವಿನ ಜಾಗದಲ್ಲಿ ಸುಣ್ಣದ ಗಂಟು ಉಳಿಯಬಹುದು. ಮೂರ್ಛೆ ಮರುಕಳಿಸುವುದು ಅನೇಕರಲ್ಲಿ ಆ ಗಂಟಿನ ಸುತ್ತಲಿನಿಂದಲೇ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತೊಂದು ಸಂಗತಿ ಕಂಡಿದ್ದಾರೆ. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕ ಈ ಜಾತಿಯ ಮರಿಹುಳುಗಳ ದೇಹದಲ್ಲೇ ಇದೆ, ಅವು ಅದನ್ನು ಹೊರಗೂ ಬಿಡುತ್ತವೆ.

ಎಲ್ಲ ಮೂರ್ಛೆಯೂ ಹುಳುವಿನದಲ್ಲ. ಆದರೆ ಈ ಸೋಂಕು ಬೇರೂರಿದ ಪ್ರದೇಶಗಳಲ್ಲಿ ಮೂರ್ಛೆರೋಗದ ಶೇ 30ರಷ್ಟಕ್ಕೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 1,02,557 ಜನರ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7 ಜನರಿಗಿದ್ದರೆ ಹಳ್ಳಿಗಳಲ್ಲಿ 11.9. ಹೀಗಿದ್ದೂ ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸುವುದು ನಿಂತಿಲ್ಲ. ಅದಕ್ಕಿಂತ ಅಪಾಯದ ಕೆಲಸವೆಂದರೆ ಮೆಡಿಕಲ್ ಶಾಪಿನಿಂದ ಜಂತಿನ ಮಾತ್ರೆ ತಂದು ತಾವೇ ನುಂಗುವುದು. ಹುಳುಗಳು ಒಮ್ಮೆಲೇ ಸತ್ತರೆ ಬಾವು ಏರುತ್ತದೆ; ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿ, ಸ್ಟಿರಾಯ್ಡ್ ಜೊತೆಗೆ ಆಲ್ಬೆಂಡಜೋಲ್ ಕೊಡುವುದು ಇದೇ ಕಾರಣಕ್ಕೆ. ಧಾರವಾಡದಲ್ಲೇ ಡಿಮ್ಹಾನ್ಸ್ ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ. ಹೋಗಲು ನಾಚಿಕೆ ಯಾಕೆ?

ಇನ್ನು ತಪ್ಪಲದ ಮೂಲಕ್ಕೆ ಬರೋಣ. ಸಂಶೋಧಕರಾದ ಬ್ರಾಡ್‌ಫೋರ್ಡ್, ಬ್ರೂಕ್ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹುಣಶಾಳ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯವೇ ಹುಬ್ಬಳ್ಳಿ-ಧಾರವಾಡದ ಚರಂಡಿ ನೀರಿನ ಬೇಸಾಯ. ನಾಲೆಗೆ ಪಂಪು ಇಳಿಸಿ, ಶುದ್ಧೀಕರಿಸದ ನೀರನ್ನೇ ತರಕಾರಿಗೆ ಹಾಯಿಸುತ್ತಿದ್ದ ರೈತರ ಚಿತ್ರ ಅದರಲ್ಲಿದೆ. ರೈತರನ್ನು ದೂರಿ ಫಲವಿಲ್ಲ. ಬೇಸಿಗೆಯಲ್ಲೂ ಹರಿಯುವ, ಗೊಬ್ಬರದ ಖರ್ಚು ಉಳಿಸುವ ನೀರನ್ನು ಯಾರು ಬಿಡುತ್ತಾರೆ? ಆ ನೀರಿಗೆ ಊರಿನ ಮಲ ಸೇರಿಸಿದ್ದು ಊರು. ಮೊಟ್ಟೆಗಳೋ, ತೇವದ ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಮೊಟ್ಟೆಗಳಿಗೆ ತರಕಾರಿಯ ಹಾಗೆ ತೊಳೆಯದ ಕೈಯೂ ಒಂದು ದಾರಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಒಳ್ಳೆಯದೇ. ಗೋಬಿ ಕರಿಯುವವರ ಕೈ ತೊಳೆಯಲು ಬಂಡಿಯ ಬಳಿ ನೀರು, ಸಾಬೂನು ಇದೆಯೇ ಎಂದು ಆಗ ಯಾರೂ ಕೇಳಲಿಲ್ಲ. ಅಡುಗೆಯವರನ್ನು ಸಂಶಯದಿಂದ ನೋಡಿ ಕೆಲಸ ಬಿಡಿಸುವುದು ಪರಿಹಾರವಲ್ಲ. ಕರುಳಿನ ಲಾಡಿಹುಳು ಒಂದೆರಡು ಮಾತ್ರೆಗೆ ಹೋಗುವಂಥದ್ದು. ಖಾನಾವಳಿಗೆ ಲೈಸೆನ್ಸ್ ಕೊಡುವ ಮಹಾನಗರ ಪಾಲಿಕೆ ಅಡುಗೆಯವರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ಮಲಪರೀಕ್ಷೆ, ಔಷಧ ಕೊಡಿಸಲಿ. ಅಡುಗೆಮನೆಯ ಜೊತೆಗೆ ಅವರು ಬಳಸುವ ಶೌಚಾಲಯವನ್ನೂ ನೋಡಿ ಸಹಿ ಹಾಕಲಿ. ನಾಲೆಯ ನೀರು ಹೊಲ ಮುಟ್ಟುವ ಮೊದಲು ಶುದ್ಧವಾಗಲಿ.