ಉಳಿಸಿದವನಿಗೆ 50, ಉರಿಸಿದವನಿಗೆ 200!

ಕರೆಂಟು ಬಿಲ್ಲನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ನಾನು ಓದ್ತೀನಿ. ಕೆಟ್ಟ ಚಟ. ಬಿಸಿನೀರಿಗೆ ಸೋಲಾರ್ ಹಾಕಿಸಿದವರ ಬಿಲ್ಲಿನಲ್ಲಿ ವರ್ಷಗಟ್ಟಲೆ ಒಂದು ಪುಟ್ಟ ಸಾಲು ಬರ್ತಿತ್ತು, ಸೋಲಾರ್ ರಿಬೇಟ್ ಅಂತ. ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಸಾವಿರಾರು ರೂಪಾಯಿ ಸುರಿದು ತಾರಸಿ ಮೇಲೆ ಟ್ಯಾಂಕು ಕೂರಿಸಿದವನಿಗೆ ಸಿಕ್ಕ ಶಭಾಷ್‌ಗಿರಿ ಅಷ್ಟೇ. ಈಗ ಬಹಳ ಮನೆಗಳಲ್ಲಿ ಅದಕ್ಕೂ ಅರ್ಥ ಇಲ್ಲ. ಬಿಲ್ಲೇ ಸೊನ್ನೆ ಆದಮೇಲೆ ರಿಬೇಟನ್ನ ಯಾವುದರಲ್ಲಿ ಕಳೀತೀರಿ?

ಗೃಹಜ್ಯೋತಿ ಶುರುವಾಗಿದ್ದು 2023ರ ಜುಲೈನಲ್ಲಿ. "200 ಯೂನಿಟ್ ಫ್ರೀ" ಅಂತ ಎಲ್ಲರ ಬಾಯಲ್ಲೂ ಬಂತು. ಆದರೆ ಲೆಕ್ಕ ಹಾಗಿಲ್ಲ ಸ್ವಾಮಿ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಸಾಮಾನ್ಯವಾಗಿ ಶೇಕಡಾ 10 ಸೇರಿಸಿ, ಅಷ್ಟು ಮಾತ್ರ ಫ್ರೀ. ಅದಕ್ಕಿಂತ ಮೇಲೆ ಹೋದರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ.

ಇದನ್ನ ಒಂದು ಬೀದಿಗೆ ಹಾಕಿ ನೋಡಿ. ಶ್ರೀನಿವಾಸಪುರದ ಯಾವುದೋ ಒಂದು ಬೀದಿ ಅಂದ್ಕೊಳ್ಳಿ. ಒಂದು ಮನೆಯಲ್ಲಿ ಸೋಲಾರ್ ಇದೆ, ಎಲ್ಇಡಿ ಬಲ್ಬಿದೆ, ರೂಮಿಂದ ಹೊರಗೆ ಬಂದರೆ ಫ್ಯಾನ್ ಆಫ್ ಮಾಡೋ ಅಜ್ಜಿ ಇದ್ದಾರೆ. ಸರಾಸರಿ 60 ಯೂನಿಟ್. ಆ ಮನೆಗೆ ಫ್ರೀ ಸಿಗೋದು 66. ಎದುರು ಮನೆಯಲ್ಲಿ ಗೀಸರ್ರು, ಹಳೇ ಫ್ರಿಜ್ಜು, ದಿನವಿಡೀ ಟೀವಿ. ಸರಾಸರಿ 180. ಅವರಿಗೆ 198! ತಿಂಗಳಿಗೆ 132 ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಅಂತ ಹಿಡಿದರೂ 790 ರೂಪಾಯಿ. ಏಪ್ರಿಲ್ ಸೆಕೆಗೆ ಅಜ್ಜಿ ಮನೆಯಲ್ಲಿ ಫ್ಯಾನು ಸ್ವಲ್ಪ ಜಾಸ್ತಿ ತಿರುಗಿ 80 ಯೂನಿಟ್ ಆದರೆ 14 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಎದುರು ಮನೆಯವರು 190 ಉರಿಸಿ ಆರಾಮಾಗಿ ಕೂತಿರ್ತಾರೆ.

ಮಿತವಾಗಿ ಬಳಸಿದ್ದು ತಪ್ಪಾಯ್ತಾ?

"ಬಡವರಿಗೆ ಕೊಟ್ಟರೆ ನಿನಗ್ಯಾಕಪ್ಪ ಹೊಟ್ಟೆಕಿಚ್ಚು" ಅಂತ ಕೆಲವರು ಕಾಮೆಂಟ್ ಹಾಕ್ತೀರಿ, ಗೊತ್ತು. ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಕೂಲಿ ಮಾಡೋ ಮನೆಗೆ ತಿಂಗಳಿಗೆ ಮುನ್ನೂರು ನಾನೂರು ಉಳಿಯೋದು ಸಣ್ಣ ಮಾತಲ್ಲ. ಆದರೆ ಈ ಲೆಕ್ಕದಲ್ಲಿ ಕಡಿಮೆ ಪಾಲು ಸಿಕ್ಕಿದ್ದು ಯಾರಿಗೆ? ಒಂದು ಬಲ್ಬು ಒಂದು ಫ್ಯಾನಿನ ಮನೆಗೇ ತಾನೇ? ಇದು ಬಡವರ ಪರ ಹೇಗಾಯ್ತು?

ಇನ್ನೊಂದು ವಿಷಯ. ನಮ್ಮ ಕೋಲಾರದ ಕಡೆ ಕರೆಂಟಿಗೆ ಕೆಲಸ ಎರಡೂ ಕಾಲದಲ್ಲಿ. ಡಿಸೆಂಬರ್ ಬೆಳಗ್ಗೆ ತಣ್ಣೀರು ಮುಟ್ಟೋಕಾಗಲ್ಲ. ಹಿಂದೆ ಹಂಡೆ ಒಲೆಗೆ ನೀಲಗಿರಿ ಸೌದೆ ಇತ್ತು, ಈಗ ಬಕೆಟ್ಟಿಗೆ ಕಾಯಿಲ್ ಇಳಿಬಿಡ್ತಾರೆ. 2 ಕಿಲೋವ್ಯಾಟ್ ಗೀಸರ್ ದಿನಾ ಅರ್ಧ ಗಂಟೆ ಹಾಕಿದರೆ ತಿಂಗಳಿಗೆ 30 ಯೂನಿಟ್. ಸೋಲಾರ್ ಹಾಕಿಸೋಣ ಅಂದರೆ ಸಾವಿರ ಅಡಿ ಬೋರಿನ ಗಡಸು ನೀರು. ಕೊಳವೆ ಒಳಗೆ ಬಿಳಿ ಗಾರೆ ಕಟ್ಟುತ್ತೆ, ಕ್ಲೀನ್ ಮಾಡಿಸೋ ಖರ್ಚು ಬೇರೆ. ಇಷ್ಟು ಕಷ್ಟಕ್ಕೆ ತಿಂಗಳಿಗೆ 50 ರೂಪಾಯಿ!

ಬೇಸಿಗೆ ಕಥೆಯೂ ಅಷ್ಟೇ. ಮಾಲೂರಿನ ಹೆಂಚು ಊರೂರಿಗೆ ಹೋಯ್ತು. ಮಾಲೂರಲ್ಲೇ ಹೆಂಚು ಇಳಿಸಿ ಆರ್‌ಸಿಸಿ ಹಾಕಿದ್ವಿ. ಮುಳಬಾಗಿಲಲ್ಲಿ ಬಂಡೆ ಬೇರೆ, ಸಂಜೆಯಾದರೂ ಕಾವು ಇಳಿಯಲ್ಲ. ತಾರಸಿಗೆ ಸುಣ್ಣ ಬಳಿದರೆ ಒಳಗೆ ಬಿಸಿ ಕಡಿಮೆ ಅನ್ನೋದು ನಮ್ಮ ತಾತಂದಿರಿಗೇ ಗೊತ್ತಿತ್ತು. ತೆಲಂಗಾಣ 2023ರಲ್ಲಿ ಅದಕ್ಕೇ ಕೂಲ್ ರೂಫ್ ಅಂತ ಪಾಲಿಸಿ ಮಾಡಿತು. ನಮ್ಮಲ್ಲಿ ಸುಣ್ಣ ಬಳಿದವನಿಗೆ ಬಿಲ್ಲಿನಲ್ಲಿ ಒಂದು ರೂಪಾಯಿನೂ ಕಡಿಮೆ ಆಗಲ್ಲ.

ಈಗ ಫ್ಯಾನಿನ ಲೆಕ್ಕ. ಹಳೇ ಫ್ಯಾನು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30. ದಿನಕ್ಕೆ 12 ಗಂಟೆ ಅಂದರೆ ತಿಂಗಳಿಗೆ ಒಂದು ಫ್ಯಾನಿಗೆ 16 ಯೂನಿಟ್ ಉಳಿತಾಯ, ಮೂರಕ್ಕೆ 48. ಆರರಂತೆ 288 ರೂಪಾಯಿ. ಚಳಿಗಾಲ ಮೂರು ತಿಂಗಳು ಬಿಡಿ, ವರ್ಷಕ್ಕೆ 2,592. ಮೂರು ಫ್ಯಾನಿಗೆ ಏಳೂವರೆ ಸಾವಿರ ಅಂದರೂ ಮೂರು ವರ್ಷದೊಳಗೆ ವಾಪಸ್. ಆದರೆ ಫ್ರೀ ಕರೆಂಟಿನ ಮನೆಯವರು ಯಾಕೆ ತಗೋತಾರೆ? ಉಳಿತಾಯ ಅವರ ಜೇಬಿಗೆ ಬರಲ್ವಲ್ಲ! ಆ ಯೂನಿಟ್ಟಿಗೆ ಈಗ ದುಡ್ಡು ಕೊಡ್ತಿರೋದು ಸರ್ಕಾರ, ಅಂದರೆ ನಾವೇ. ಹಾಗಿದ್ದ ಮೇಲೆ ಸರ್ಕಾರವೇ ಅರ್ಧ ಬೆಲೆಗೆ ಫ್ಯಾನು ಕೊಟ್ಟರೆ ಸರ್ಕಾರಕ್ಕೇ ಲಾಭ. ದೆಹಲಿಯಲ್ಲಿ ಬಿಎಸ್‌ಇಎಸ್ ಹಳೇ ಎಸಿ ತಗೊಂಡು ಹೊಸದನ್ನ ರಿಯಾಯ್ತಿಗೆ ಕೊಡೋ ಸ್ಕೀಮು ನಡೆಸಿದೆ. ಅಲ್ಲಿ ಎಸಿಗೆ ಆಗಿದ್ದು ಇಲ್ಲಿ ಫ್ಯಾನಿಗೆ ಯಾಕಾಗಬಾರದು?

ನಾನು ಕೇಳೋದು ಇಷ್ಟೇ. ಒಂದು, ಎಲ್ಲ ಮನೆಗೂ ಫ್ರೀ ಯೂನಿಟ್ ಒಂದೇ ಸಮ ಇರಲಿ, 2022-23ರ ಚಾಳಿಗೆ ಬಹುಮಾನ ಬೇಡ. ಎರಡು, ಬಳಸದೆ ಉಳಿಸಿದ ಯೂನಿಟ್ಟಿಗೆ ಅರ್ಧ ಬೆಲೆಯಾದರೂ ಮನೆಯವರಿಗೆ ಸಿಗಲಿ. ಮೂರು, ರಿಬೇಟು ತಿಂಗಳಿಗೆ ಐವತ್ತರಂತೆ ತೊಟ್ಟಿಕ್ಕೋದು ಬೇಡ. ಸೋಲಾರೋ ಫ್ಯಾನೋ ಸುಣ್ಣವೋ, ಕೊಳ್ಳೋ ದಿನವೇ ಅಂಗಡಿಯಲ್ಲಿ ಕಡಿತ ಆಗಲಿ.

ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ 1902ರಲ್ಲೇ ತಂತಿ ಎಳೆದು ಕರೆಂಟು ತಂದ ಜಿಲ್ಲೆ ನಮ್ಮದು. ಉರಿಸೋದನ್ನ ಮೊದಲು ಕಲಿತವರು ನಾವು. ಉಳಿಸೋದನ್ನೂ ಮೊದಲು ಕಲೀಬಹುದಿತ್ತು...

ನಿಮ್ಮ ಮನೆ ಬಿಲ್ಲು ತೆಗೆದು ನೋಡಿ. ನಿಮಗೆ ಫ್ರೀ ಎಷ್ಟು ಯೂನಿಟ್? ಎದುರು ಮನೆಗೆ ಎಷ್ಟು? ಲೆಕ್ಕ ಹಾಕಿ ಬರೀರಿ, ಬೈಯೋದಿದ್ದರೆ ಆಮೇಲೆ ಬೈಯಿರಿ.