ನ್ಯಾನೊ ಬಾಟಲಿ ಕೊಡುವ ಮುಂಚೆ ಹುಳುವಿನ ವರದಿ ಕೊಡಿ

ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳು, ಜಂಟಿ ಕೃಷಿ ನಿರ್ದೇಶಕರು ಹಾಗೂ ರೇಷ್ಮೆ ಇಲಾಖೆಯ ಉಪನಿರ್ದೇಶಕರಿಗೆ ಬಹಿರಂಗ ಪತ್ರ



ಯೂರಿಯಾ ಮೂಟೆ ಬೇಕಾದರೆ ಜೊತೆಗೊಂದು ಎಲೆಗೆ ಹೊಡೆಯುವ ನ್ಯಾನೊ ಯೂರಿಯಾ ಬಾಟಲಿಯನ್ನೂ ತಗೊಳ್ಳಬೇಕು ಎನ್ನುವುದು ನಮ್ಮ ಕಡೆ ಹೊಸ ಮಾತಲ್ಲ. ಈ ‘ಲಿಂಕ್’ ವ್ಯವಹಾರ ನಿಲ್ಲಿಸಿ ಎಂದು 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರೇ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಆಮೇಲೂ ನಮ್ಮ ತಾಲ್ಲೂಕಿನ ಒಂದು ಅಂಗಡಿಯಲ್ಲಿ ಬಾಟಲಿ ನನ್ನ ಬಿಲ್ಲಿಗೆ ಸೇರಿಯೇ ಬಂತು. ಬೇಡ ಅಂದಿದ್ದಕ್ಕೆ, ‘ಹಾಗಾದ್ರೆ ಮೂಟೇನೂ ಇಲ್ಲ ಬಿಡಿ’ ಅಂದರು. ದುಡ್ಡಿನ ಮಾತು ಅಲ್ಲಿಗೇ ಇರಲಿ. ನನ್ನ ದೂರು ಬಾಟಲಿಯೊಳಗೆ ಇರುವುದರ ಬಗ್ಗೆ.

ನಾನು ಹಿಪ್ಪುನೇರಳೆ ಬೆಳೆಯುವವನು. ಗೌರಿಬಿದನೂರಿನ ಕಡೆಯವರು ಮುಸುಕಿನ ಜೋಳಕ್ಕೆ ಏನು ಹೊಡೆದರೂ ಕೊನೆಗೆ ಮಾರುವುದು ಕಾಳು. ನಮಗೆ ಎಲೆಯೇ ಬೆಳೆ. ಕಡ್ಡಿ ಸಮೇತ ಕೊಯ್ದು ತಂದು ಹಾಕಿದ ಸೊಪ್ಪು ನೇರ ಹುಳುವಿನ ಹೊಟ್ಟೆಗೆ ಹೋಗುತ್ತದೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಂತೂ, ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ಅದು ಒಂದು ವಾರದಲ್ಲೇ ಮುಕ್ಕಿ ಮುಗಿಸುತ್ತದೆ. ಪಕ್ಕದ ದ್ರಾಕ್ಷಿಗೋ ಟೊಮೆಟೊಗೋ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬಂದರೆ ಏನಾಗುತ್ತದೆ ಎಂದು ಶಿಡ್ಲಘಟ್ಟ, ಚಿಂತಾಮಣಿಯ ಯಾವ ಹುಳುಮನೆಯಲ್ಲಾದರೂ ಕೇಳಿ. ಹುಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ, ಬಾಯಿಂದ ಹಸಿರು ರಸ ಕಕ್ಕುತ್ತದೆ, ಮೈ ಕುಗ್ಗಿ ಸ್ಟ್ಯಾಂಡಿನ ಮೇಲೇ ಸುರುಟಿಕೊಳ್ಳುತ್ತದೆ. ಅದಕ್ಕೇ ಯಾವ ಔಷಧಿ ಹೊಡೆದರೆ ಎಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಬೇಕೆಂಬ ಲೆಕ್ಕ ನಮಗೆ ಬಾಯಿಪಾಠ. ನ್ಯಾನೊ ಬಾಟಲಿಗೆ ಆ ಲೆಕ್ಕ ಎಷ್ಟು? ಅಂಗಡಿಯವರು ನಕ್ಕರು. ಅಧಿಕಾರಿಯೊಬ್ಬರು ‘ಯೂರಿಯಾ ತಾನೇ, ಏನೂ ಆಗಲ್ಲ’ ಅಂದರು.

ಆಗದೇ ಇರಬಹುದು. ಮೂಟೆಯ ಯೂರಿಯಾವನ್ನೇ ನೀರಿಗೆ ಕರಗಿಸಿ ಎಲೆಗೆ ಹೊಡೆದವರೂ ನಮ್ಮಲ್ಲಿದ್ದಾರೆ. ಆದರೆ ಇದು ಅಂಥ ಯೂರಿಯಾ ಅಲ್ಲ ಎನ್ನುವವರು ಮಾರುವವರೇ: ಕಣದ ಗಾತ್ರ 20ರಿಂದ 50 ನ್ಯಾನೊಮೀಟರ್, ಎಲೆಯ ರಂಧ್ರದಲ್ಲೇ ಒಳಹೊಕ್ಕು ಕೆಲಸ ಮಾಡುತ್ತದಂತೆ. (ಒಂದು ಮಿಲಿಮೀಟರಿಗೆ ಹತ್ತು ಲಕ್ಷ ನ್ಯಾನೊಮೀಟರ್.) ಮಾರುವಾಗ ವಿಶೇಷ, ಸುರಕ್ಷತೆ ಕೇಳಿದಾಗ ಮಾಮೂಲಿ ಯೂರಿಯಾ, ಇದು ಯಾವ ನ್ಯಾಯ? ವಸ್ತು ಅಷ್ಟು ಸಣ್ಣದಾದಾಗ ತೂಕ ಅಷ್ಟೇ ಇದ್ದರೂ ಮೇಲ್ಮೈ ವಿಪರೀತ ಹೆಚ್ಚುತ್ತದೆ, ಅದರ ಗುಣವೂ ಬದಲಾಗಬಹುದು. ಯುರೋಪ್ ಒಕ್ಕೂಟದ ‘ರೀಚ್’ ರಾಸಾಯನಿಕ ಕಾನೂನು 2020ರ ಜನವರಿ 1ರಿಂದ ನ್ಯಾನೊ ರೂಪಗಳಿಗೆ ಗಾತ್ರ, ಆಕಾರ, ಮೇಲ್ಮೈ ವಿವರಗಳ ಸಮೇತ ಬೇರೆಯೇ ಮಾಹಿತಿ ಕೇಳುತ್ತಿರುವುದು ಈ ಕಾರಣಕ್ಕೇ. ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಅದೇ ವರ್ಷ ನ್ಯಾನೊ ಕೃಷಿ ಪರಿಕರಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರವೇ ಪರೀಕ್ಷೆ ಮಾಡಿಸಿದ್ದೇವೆ ಎನ್ನುತ್ತಾರೆ ತಯಾರಕರು. ಸಂತೋಷ. ಹಿಪ್ಪುನೇರಳೆ ಎಲೆ, ರೇಷ್ಮೆ ಹುಳುವಿನ ಮೇಲೆ ಮಾಡಿದ ಪರೀಕ್ಷೆ ಅದರಲ್ಲಿದ್ದರೆ ಆ ಪುಟಗಳನ್ನು ಕನ್ನಡದಲ್ಲಿ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಅಂಟಿಸಿ.

ಇನ್ನು ಫಲದ ವಿಷಯ. 45 ಕೆ.ಜಿ. ಮೂಟೆಯಲ್ಲಿ ಶೇ 46ರಂತೆ 20 ಕೆ.ಜಿ. 700 ಗ್ರಾಂ ಸಾರಜನಕ ಇರುತ್ತದೆ. 2021ರಲ್ಲಿ ಬಂದ 500 ಮಿ.ಲೀ. ಬಾಟಲಿಯಲ್ಲಿ ಶೇ 4ರಂತೆ ಇದ್ದದ್ದು 20 ಗ್ರಾಂ. ಆಮೇಲೆ ಅದನ್ನು ಶೇ 20ಕ್ಕೆ ಏರಿಸಿದರೂ ಬಾಟಲಿಗೆ 100 ಗ್ರಾಂ ಅಷ್ಟೆ. ಯೂರಿಯಾ ಕಮ್ಮಿ ಮಾಡಿ ನ್ಯಾನೊ ಹೊಡೆದ ಪ್ರಯೋಗದಲ್ಲಿ ಗೋಧಿ ಇಳುವರಿ ಶೇ 21.6, ಭತ್ತ ಶೇ 13 ಕುಸಿಯಿತೆಂದು ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಹೇಳಿದೆ. ತಯಾರಕರು ಒಪ್ಪುವುದಿಲ್ಲ, ಅದು ಬೇರೆ ಮಾತು. ನಮ್ಮ ಭಯ ಇಷ್ಟು: ಸಾರಜನಕ ಕಮ್ಮಿಯಾದರೆ ಎಲೆಯಲ್ಲಿ ಪ್ರೋಟೀನ್ ಕಮ್ಮಿ, ರೇಷ್ಮೆ ಅನ್ನುವುದೇ ಪ್ರೋಟೀನ್. ಗೂಡು ಮೆತ್ತಗಾದರೆ ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ಬೆರಳಲ್ಲಿ ಒತ್ತಿ ನೋಡಿಯೇ ದರ ಇಳಿಸುತ್ತಾರೆ. ಆಗ ಯಾವ ಮಾರ್ಗಸೂಚಿ ತೋರಿಸೋಣ?

ಪರೀಕ್ಷೆಗೆ ದೆಹಲಿಯವರೆಗೆ ಹೋಗಬೇಕಿಲ್ಲ. ಚಿಂತಾಮಣಿಯಲ್ಲೇ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ, ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ವಿ-1 ತಳಿಯ ಹಿಪ್ಪುನೇರಳೆ ತೋಟ ಒಂದನ್ನು ಎರಡು ಭಾಗ ಮಾಡಿ, ಒಂದಕ್ಕೆ ಹೊಡೆದು ಇನ್ನೊಂದನ್ನು ಹಾಗೇ ಬಿಟ್ಟು, ಒಂದೇ ಚಾಕಿಯ (ಎಳೆಹುಳು ಸಾಕಣೆಯ) ಹುಳುಗಳಿಗೆ ಎರಡೂ ಸೊಪ್ಪು ಬೇರೆ ಬೇರೆ ಹಾಕಲಿ. ಸತ್ತ ಹುಳು, ಗೂಡಿನ ತೂಕ, ನೂಲಿನ ಉದ್ದ ಎಲ್ಲ ಲೆಕ್ಕ ಬರೆದಿಡಲಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡಿದರೆ ಮೇಲು. ಅಲ್ಲಿಯವರೆಗೆ ಹಿಪ್ಪುನೇರಳೆ ಬೆಳೆಗಾರರಿಗೆ ಲಿಂಕ್ ಹಾಕಿ ಬಾಟಲಿ ಕೊಡಬೇಡಿ ಎಂದು ಮಾರಾಟಗಾರರಿಗೆ ಲಿಖಿತ ಆದೇಶ ಕೊಡಿ.

ತೋಟ ಸಿಗುತ್ತಿಲ್ಲ ಅಂದರೆ ನನ್ನ ಅರ್ಧ ಎಕರೆ ಬಿಟ್ಟುಕೊಡುತ್ತೇನೆ. ಹುಳು ಹೋದರೆ ಮೊಟ್ಟೆಯ ದುಡ್ಡು, ಕೂಲಿ ಯಾರು ಕಟ್ಟಿಕೊಡುತ್ತೀರಿ ಎನ್ನುವುದನ್ನು ಮಾತ್ರ ಮೊದಲೇ ಬರೆದುಕೊಡಿ.

ಇಂತಿ,
ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರ