ಹಿತ್ತಲ ಬಾತುಕೋಳಿ: ಮೊಟ್ಟೆಯ ಅಸಲು ಬೆಲೆ ಎಷ್ಟು?

ಬಾತುಕೋಳಿ ಸಾಕಣೆಗೆ ಖರ್ಚಿಲ್ಲ ಎಂಬ ಮಾತು ಹಳೆಯದು. ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ, ಕೆಸರಿನ ಬಸವನಹುಳು, ಎರೆಹುಳು, ಸಣ್ಣ ಮೀನು ತಿಂದು ಬೆಳೆಯುವ ಹಕ್ಕಿಗೆ ಸಾಕುವವರು ಕೈಯಿಂದ ಹಾಕಬೇಕಾದುದು ಅಲ್ಪ. ಆದರೆ ಈ ಮಾತು ಸಲ್ಲುವುದು ಗದ್ದೆಗೆ, ಹಿತ್ತಲಿಗಲ್ಲ. ನಗರದ ಅಂಚಿನ ನಿವೇಶನದಲ್ಲೋ ತೋಟದ ಮನೆಯಲ್ಲೋ ಮೊಟ್ಟೆಗಾಗಿ ನಾಲ್ಕಾರು ಬಾತುಗಳನ್ನು ಸಾಕಲು ಹೊರಟವರು ಮೊದಲು ಅರಿಯಬೇಕಾದ ವ್ಯತ್ಯಾಸವಿದು.

ದೇಶದಲ್ಲಿ ಹಿತ್ತಲ ಸಾಕಣೆ ಹೆಚ್ಚುತ್ತಿರುವುದು ನಿಜ. 2019ರ ಜಾನುವಾರು ಗಣತಿಯ ಪ್ರಕಾರ ಹಿತ್ತಲ ಕೋಳಿ, ಬಾತು ಮೊದಲಾದ ಸಾಕುಹಕ್ಕಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಶೇ. 46ರಷ್ಟು ಅಧಿಕ. ಬಾತುಗಳ ಪೈಕಿ ಮೊಟ್ಟೆಗೆ ಹೆಸರಾದುದು ಖಾಕಿ ಕ್ಯಾಂಪ್‌ಬೆಲ್ ತಳಿ. ಉತ್ತಮ ಆರೈಕೆಯಲ್ಲಿ ಇದು ವರ್ಷಕ್ಕೆ 300ರವರೆಗೆ ಮೊಟ್ಟೆ ಇಡಬಲ್ಲದು. ಮೊಟ್ಟೆಯೂ ಕೋಳಿಮೊಟ್ಟೆಗಿಂತ ದೊಡ್ಡದು. ಎರಡನೆಯ ವರ್ಷವೂ ಇಳುವರಿ ಅಷ್ಟಾಗಿ ಕುಸಿಯದು. ಆಸೆ ಹುಟ್ಟಲು ಇಷ್ಟು ಸಾಕು.

ಮೇವಿನ ಲೆಕ್ಕ

ಖಾಕಿ ಕ್ಯಾಂಪ್‌ಬೆಲ್ ಮರಿ 20 ವಾರ ತುಂಬುವುದರೊಳಗೆ ಸುಮಾರು 12.5 ಕೆ.ಜಿ. ಮೇವು ತಿನ್ನುತ್ತದೆ. ಅಲ್ಲಿಯವರೆಗೆ ಒಂದು ಮೊಟ್ಟೆಯ ಆದಾಯವೂ ಇಲ್ಲ. ಬಳಿಕ ದಿನಕ್ಕೆ ಕನಿಷ್ಠ 120 ಗ್ರಾಂ ಬೇಕು. ಮೇವಿನ ದರ ಕೆ.ಜಿ.ಗೆ 30 ರೂ. ಎಂದು ಇಟ್ಟುಕೊಂಡರೆ ಬೆಳೆಸುವ ಖರ್ಚು 375 ರೂ., ಮೊಟ್ಟೆ ಇಡುವ ಒಂದು ವರ್ಷದ ಖರ್ಚು ಸುಮಾರು 1,320 ರೂ. ಬೆಳೆಸಿದ ಖರ್ಚನ್ನು ಎರಡು ವರ್ಷಗಳಿಗೆ ಹಂಚಿದರೂ ಒಂದು ಹಕ್ಕಿಗೆ ವರ್ಷಕ್ಕೆ 1,500 ರೂ. ಬೀಳುತ್ತದೆ. ಅದು 240 ಮೊಟ್ಟೆ ಇಟ್ಟರೆ ಮೊಟ್ಟೆಯೊಂದಕ್ಕೆ 6.25 ರೂ.; 150 ಮಾತ್ರ ಇಟ್ಟರೆ 10 ರೂ. ಮರಿಯ ಬೆಲೆ, ಗೂಡು, ಲಸಿಕೆ, ಸತ್ತ ಹಕ್ಕಿಗಳ ನಷ್ಟ, ಮನೆಯವರ ದುಡಿಮೆ ಇದರಲ್ಲಿ ಸೇರಿಲ್ಲ.

ಅರ್ಧದಷ್ಟು ಮೇವು ಗದ್ದೆ, ಕೆರೆಯಂಚುಗಳಿಂದಲೇ ದೊರೆತರೆ ಚಿತ್ರ ಬದಲಾಗುತ್ತದೆ. ಆಗ 150 ಮೊಟ್ಟೆ ಇಡುವ ಹಕ್ಕಿಯಿಂದಲೂ ಮೊಟ್ಟೆಯೊಂದು ಆರು ರೂ. ಒಳಗೆ ಸಿಗುತ್ತದೆ. ಕೇರಳದ ಕುಟ್ಟನಾಡಿನಲ್ಲಿ ಚಾರಾ, ಚೆಂಬಲ್ಲಿ ತಳಿಗಳ ದೊಡ್ಡ ಹಿಂಡುಗಳು ಉಳಿದಿರುವುದು, ಸಾಕಣೆದಾರರು ಕೊಯ್ಲಿನ ಹಿಂದೆಯೇ ಗದ್ದೆಯಿಂದ ಗದ್ದೆಗೆ ಹಿಂಡನ್ನು ಅಟ್ಟಿಕೊಂಡು ಹೋಗುವುದು ಈ ಕಾರಣಕ್ಕೇ.

ಕಾಣದ ಖರ್ಚುಗಳು

ಹೆಣ್ಣು-ಗಂಡು ಬೇರ್ಪಡಿಸದ ಮರಿಗಳನ್ನು ಕೊಂಡರೆ ಅರ್ಧದಷ್ಟು ಗಂಡೇ ಆಗಿರಬಹುದು. ಬಾಲದ ಗರಿ ಸುರುಳಿಯಾಗಿ, ದನಿ ಬೇರೆಯಾಗಿ ಗಂಡೆಂದು ಗುರುತು ಸಿಗುವ ಹೊತ್ತಿಗೆ ಅವು ಸಾಕಷ್ಟು ತಿಂದಿರುತ್ತವೆ. ತಿನ್ನುವ ಮೊಟ್ಟೆಗೆ ಗಂಡಿನ ಅಗತ್ಯವೇ ಇಲ್ಲ.

ಈಜಲು ಕೊಳ ಕಡ್ಡಾಯವಲ್ಲ. ಆದರೆ ಕೊಕ್ಕು ಪೂರ್ತಿ ಮುಳುಗುವಷ್ಟು ಆಳದ ನೀರು ಸದಾ ಇರಬೇಕು. ಬಾತು ಆ ನೀರನ್ನು ಕ್ಷಣದಲ್ಲಿ ಕೆಸರಾಗಿಸುತ್ತದೆ. ಬೇಸಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಗಳಲ್ಲಿ ಇದೂ ಒಂದು ವೆಚ್ಚವೇ. ಒಣ ಪುಡಿ ಮೇವನ್ನು ಬಾತು ಸಲೀಸಾಗಿ ನುಂಗದ ಕಾರಣ ನೀರು ಬೆರೆಸಿ ಕೊಡಬೇಕು. ಹಾಗೆ ಕಲಸಿದ್ದು ಉಳಿದರೆ ಕೆಡುತ್ತದೆ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯಲ್ಲಿರುವ ವಿಷವನ್ನು ಈ ಹಕ್ಕಿ ತಾಳಲಾರದು. ಅಗ್ಗದ ಮೇವು ಇಡೀ ಹಿಂಡನ್ನೇ ಬಲಿ ತೆಗೆದುಕೊಳ್ಳಬಹುದು. ಬಹುಪಾಲು ಮೊಟ್ಟೆಗಳು ಬೆಳಗ್ಗೆ ಒಂಬತ್ತರೊಳಗೆ ಬೀಳುವುದರಿಂದ ಅದಕ್ಕೂ ಮೊದಲೇ ಹೊರಗೆ ಬಿಟ್ಟರೆ ಮೊಟ್ಟೆ ಪೊದೆಯ ಪಾಲಾಗುತ್ತದೆ.

ಜ್ವರದ ಭೀತಿ

ಎಲ್ಲಕ್ಕಿಂತ ದೊಡ್ಡ ಅಪಾಯ ಹಕ್ಕಿಜ್ವರ. ಬಾತುಗಳು ಕೆಲವೊಮ್ಮೆ ರೋಗಲಕ್ಷಣ ತೋರದೆಯೇ ವೈರಾಣುವನ್ನು ಹರಡುತ್ತವೆ. ಆದ್ದರಿಂದ ಕೋಳಿಗಳೊಡನೆ ಒಂದೇ ಗೂಡಿನಲ್ಲಿ ಇವನ್ನು ಸಾಕುವುದು ಸಲ್ಲದು. ಕುಟ್ಟನಾಡು 2014ರಿಂದೀಚೆಗೆ ಪದೇ ಪದೇ ಈ ಜ್ವರಕ್ಕೆ ತುತ್ತಾಗಿದೆ. ಕರ್ನಾಟಕಕ್ಕೂ ಇದು ಹೊಸತಲ್ಲ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತಾಗ ಜ್ವರ ದೃಢಪಟ್ಟು, ಅಲ್ಲಿನ ಹಕ್ಕಿಗಳನ್ನು ಕೊಲ್ಲಬೇಕಾಯಿತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಮನೆಮನೆಯ ಕೋಳಿಗಳಿಗೂ ಅದೇ ಗತಿ ಬಂತು.

ಸೋಂಕು ಕಂಡ ಸ್ಥಳದ ಒಂದು ಕಿ.ಮೀ. ಸುತ್ತಳತೆಯಲ್ಲಿ ಆರೋಗ್ಯವಂತ ಹಕ್ಕಿಗಳನ್ನೂ ನಾಶಪಡಿಸುವುದು ನಿಯಮ. ಕೇರಳ ಸರಕಾರ 2021ರಲ್ಲಿ ಪ್ರಕಟಿಸಿದ ಪರಿಹಾರ, ಎರಡು ತಿಂಗಳು ದಾಟಿದ ಹಕ್ಕಿಗೆ 200 ರೂ., ಅದಕ್ಕಿಂತ ಚಿಕ್ಕದಕ್ಕೆ 100 ರೂ. ಕೊಂಡ ಮೇವಿನಿಂದ ಬೆಳೆಸಿದ ಬಾತಿಗೆ ಮೊದಲ ಮೊಟ್ಟೆಗೂ ಮುನ್ನ ತಗಲುವ 375 ರೂ. ಜೊತೆ ಇದನ್ನು ಹೋಲಿಸಿದರೆ ಸಾಕಣೆದಾರನ ಕೈಗೆ ಬರುವುದೆಷ್ಟು, ಹೋಗುವುದೆಷ್ಟು ಎಂಬುದು ತಿಳಿಯುತ್ತದೆ.

ಹಾಗೆಂದು ಬಾತು ಸಾಕಣೆ ದಂಡವೆನ್ನಲಾಗದು. ನೀರು, ಗದ್ದೆ, ಹುಳುಹುಪ್ಪಟೆ ಕೈಗೆಟುಕುವ ಕುಟುಂಬಕ್ಕೆ ಅದು ಈಗಲೂ ಪೌಷ್ಟಿಕ ಆಹಾರದ ಅಗ್ಗದ ದಾರಿ. ಮೇವನ್ನೆಲ್ಲ ಅಂಗಡಿಯಿಂದ ತರುವವರಿಗೆ ಮಾತ್ರ ಅದು ಉಳಿತಾಯವಲ್ಲ, ಹವ್ಯಾಸ. ಹಿತ್ತಲ ಸಾಕಣೆಯನ್ನು ಉತ್ತೇಜಿಸುವ ಯೋಜನೆಗಳೂ ಮರಿಗಳ ಸಂಖ್ಯೆಯನ್ನಷ್ಟೇ ಎಣಿಸದೆ, ಪಡೆದವರ ಮನೆಯ ಸುತ್ತ ಮೇಯಲು ಏನಿದೆ ಎಂಬುದನ್ನು ಮೊದಲು ನೋಡುವುದು ಲೇಸು.